ಕಲ್ಲು ಬಿತ್ತಾ, ಮಾರಾಯ?

ಮನುಷ್ಯನ ದೇಹದಲ್ಲಿ ಕಣ್ಣು ಅವನ ಸ್ವಂತದ್ದು, ಕಿವಿ ಸ್ವಂತದ್ದು, ಹಲ್ಲು ಕೂಡ ಇರುವಷ್ಟು ದಿನ ಸ್ವಂತದ್ದೇ. ಹೊಟ್ಟೆ ಮಾತ್ರ ಸಾರ್ವಜನಿಕ ಆಸ್ತಿ. ಇದು ನನಗೆ ಗೊತ್ತಾಗಿದ್ದು ಐವತ್ತು ದಾಟಿದ ಮೇಲೆ. ಕಣ್ಣು ಮಂಜಾಗಿದೆ ಅನ್ನಿ, 'ಹಾಸನಕ್ಕೆ ಹೋಗಿ ತೋರಿಸಿ' ಅಂತಾರೆ. ಮಂಡಿ ನೋವು ಅನ್ನಿ, 'ವಯಸ್ಸಾಯ್ತಲ್ಲ' ಅಂತ ಕೈ ತೊಳೆದುಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಏನೋ ಸರಿಯಿಲ್ಲ ಅಂದು ನೋಡಿ, ಆಲೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಅಪರಿಚಿತ ಕೂಡ ಮುಂದಕ್ಕೆ ಬಗ್ಗಿ, 'ಗ್ಯಾಸ್ಟ್ರಿಕ್ಕಾ ಸಾರ್?' ಅನ್ನುತ್ತಾನೆ. ಅದು ಪ್ರಶ್ನೆಯಲ್ಲ, ತೀರ್ಪು. ಕೆ. ಹೊಸಕೋಟೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ನಿಮಗೆ ಜೀವನಪೂರ್ತಿ ಸಾಲುವಷ್ಟು ಪಥ್ಯ ಸಿಕ್ಕಿರುತ್ತದೆ.

ಈ ಗ್ಯಾಸ್ಟ್ರಿಕ್ ಅನ್ನುವ ಪದ ನಮ್ಮ ಸೀಮೆಗೆ ಯಾವಾಗ ಬಂತೋ ಗೊತ್ತಿಲ್ಲ, ಬಂದಿದ್ದೇ ಬಂದಿದ್ದು, ಲಂಟಾನದ ಗಿಡದ ಹಾಗೆ ಬೇರೆ ಎಲ್ಲ ಪದಗಳನ್ನೂ ತಿಂದುಹಾಕಿತು. ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್. ತಲೆ ಸುತ್ತಿದರೆ ಗ್ಯಾಸ್ಟ್ರಿಕ್ ತಲೆಗೆ ಹೋಗಿದೆ. ಪಕ್ಕದ ಮನೆ ಹಾಲಪ್ಪಣ್ಣನ ನಾಯಿ ಒಮ್ಮೆ ಊಟ ಬಿಟ್ಟು ಮಲಗಿತ್ತು, ಅದಕ್ಕೂ ಅವನು ಗ್ಯಾಸ್ಟ್ರಿಕ್ ಅಂದೇ ಹೇಳಿದ. ಹಾಲಪ್ಪಣ್ಣ ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಆಳುಗಳ ಲೆಕ್ಕ ಬರೆದ ಪೆನ್ನು ಇದ್ದ ಅಂಗಿ ಜೇಬಿನಲ್ಲಿ ಈಗ ಮಾತ್ರೆಯ ಹಾಳೆ ಇಟ್ಟುಕೊಂಡು ಓಡಾಡುತ್ತಾನೆ. ಕಂಡವರಿಗೆಲ್ಲ ಎಲೆಅಡಿಕೆ ಕೊಡುವ ಹಾಗೆ ಒಂದೊಂದು ಚಿವುಟಿ ಕೊಡುತ್ತಾನೆ.

"ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಹಾಕ್ಕೊ ಮಾರಾಯ. ನಾನು ಹದಿನೈದು ವರ್ಷದಿಂದ ತಗೋತಾ ಇವ್ನಿ."

"ಹದಿನೈದು ವರ್ಷ ತಗೊಂಡ್ರೂ ನಿನಗೆ ವಾಸಿ ಆಗ್ಲಿಲ್ವಲ್ಲೋ?"

"ವಾಸಿ ಆಗ್ಲಿ ಅಂತ ಅಲ್ಲ ಮಾರಾಯ, ಅಭ್ಯಾಸ ತಪ್ಪಬಾರದು ಅಂತ."

ನನ್ನ ಕಥೆ ಶುರುವಾಗಿದ್ದು ಕುಂದೂರಿನ ಒಂದು ನಾಮಕರಣದಲ್ಲಿ. ಒಬ್ಬಟ್ಟು ಮಾಡಿದ್ದರು. ಅದೂ ಬೆರಳಿಟ್ಟರೆ ಹರಿಯುವಂಥ ಒಬ್ಬಟ್ಟು, ಮೇಲೆ ತುಪ್ಪ. ಬಡಿಸುವವನು ನನ್ನ ಎಲೆಯ ಮುಂದೆ ಬಂದಾಗ 'ಸಾಕು' ಅಂತ ಕೈ ಅಡ್ಡ ಹಿಡಿದೆ. ಆದರೆ ನಮ್ಮ ಕಡೆ ಕೈ ಅಡ್ಡ ಹಿಡಿಯುವುದು ಅಂದರೆ ಬೆರಳು ಅಗಲಿಸಿ ಹಿಡಿಯುವುದು ಅನ್ನುವುದು ಎಲ್ಲರಿಗೂ ಗೊತ್ತಲ್ಲ. ಮನೆಗೆ ಬಂದು ಕಣದಲ್ಲಿ ಹರಡಿದ್ದ ಕಾಫಿಯನ್ನು ಒಂದು ಸುತ್ತು ನೋಡಿಕೊಂಡು ಜಗಲಿ ಮೇಲೆ ಕೂತೆ. ಬಲಪಕ್ಕೆಯ ಕೆಳಗೆ ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗಾಯಿತು. ಬಿಡುತ್ತಾರೆ ಅಂತ ಕಾದೆ. ಬಿಡಲಿಲ್ಲ. ನೋವು ಹಾಗೇ ಬೆನ್ನಿಗೆ ಹೋಗಿ, ಬಲ ಹೆಗಲಿನ ಹಿಂದೆ ಹತ್ತಿ ಕೂತಿತು. ನಿಂತರೂ ಇಲ್ಲ, ಕೂತರೂ ಇಲ್ಲ, ಮಲಗಿದರೂ ಇಲ್ಲ.

ನಮ್ಮ ದೊಡ್ಡಮ್ಮ, ಅಂದರೆ ನನ್ನನ್ನು ಸಾಕಿ ಮಾತು ಕಲಿಸಿದವಳು, ಈಗಲೂ ನಮ್ಮ ಜೊತೆಗೇ ಇರುವವಳು, ಓಮ ಕುಟ್ಟಿ ಬಿಸಿನೀರಿನಲ್ಲಿ ಕೊಟ್ಟಳು. ಇಳಿಯದಿದ್ದಾಗ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಘಾಟೇ ಬರ್ಲಿಲ್ಲ ನೋಡು. ಒಬ್ಬಟ್ಟಿನ ಮೇಲೆ ಯಾರದೋ ಕಣ್ಣು ಬಿದ್ದೈತೆ."

"ಬೇರೆ ಯಾರದು ಬೀಳುತ್ತೆ ಅತ್ತೆ?" ಅಂದಳು ನನ್ನ ಹೆಂಡತಿ ಗಿರಿಜ. "ಇವರದೇ ಬಿದ್ದಿತ್ತು. ಒಂದಾದ ಮೇಲೊಂದು."

ಕತ್ತಲಾಗುವ ಹೊತ್ತಿಗೆ ನೋವು ತಾನಾಗಿಯೇ ಬಿಟ್ಟುಹೋಯಿತು. ಆಮೇಲೆ ಅವರೆಕಾಯಿ ಕಾಲದಲ್ಲಿ ಮತ್ತೆ ಬಂತು, ಮಂಡಕ್ಕಿ ಬೋಂಡಾ ತಿಂದ ದಿನ ಮತ್ತೆ ಬಂತು. ಪ್ರತಿ ಸಲವೂ ಹಾಲಪ್ಪಣ್ಣನ ಮಾತ್ರೆ ನುಂಗುವುದು, ನೋವು ತನ್ನ ಹೊತ್ತಿಗೆ ತಾನು ಹೋಗುವುದು, ಹಾಲಪ್ಪಣ್ಣ 'ನಾನು ಹೇಳ್ಲಿಲ್ವಾ' ಅನ್ನುವುದು. ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ನಮ್ಮೂರಿನ ಕೆಳಗಿನ ಬೀದಿಯವರೊಬ್ಬರು ಬೆಳಿಗ್ಗೆ ಎದೆ ಹಿಡಿದುಕೊಂಡು 'ಗ್ಯಾಸ್ಟ್ರಿಕ್ ಕಣ್ರೀ, ಒಂದು ಸೋಡಾ ಕುಡಿದ್ರೆ ಸರಿಹೋಗ್ತದೆ' ಅಂದವರು ಸೋಡಾ ಬರುವ ಮೊದಲೇ ಹೋಗಿಬಿಟ್ಟರು. ಹೃದಯದ್ದಂತೆ. ಆ ಮನೆಯಿಂದ ವಾಪಸು ಬಂದ ಗಿರಿಜ ಸ್ನಾನ ಮಾಡಿದವಳೇ ಬೀರುವಿನಿಂದ ನನ್ನ ಇಸ್ತ್ರಿ ಅಂಗಿ ತೆಗೆದು ಮಂಚದ ಮೇಲೆ ಎಸೆದಳು. "ಹಾಸನಕ್ಕೆ ಹೊರಡಿ" ಅಂದಳು. ಅವಳ ದನಿ ನಡುಗುತ್ತಿತ್ತು. ಅದಕ್ಕೇ ನಾನು ಅಂಗಿ ತೊಟ್ಟುಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಮೊದಲು ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಹೃದಯ ಸರಿಯಾಗಿದೆ ಅಂದರು. ಗಿರಿಜ ಕೂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ತಕ್ಷಣ ನನ್ನ ಕಡೆ ತಿರುಗಿ, 'ಹಂಗಾದ್ರೆ ಬೋಂಡಾದ್ದೇ' ಅಂತ ಗದರಿದಳು. ಅಲ್ಲಿಂದ ಹೊಟ್ಟೆಯ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ತೊಂದರೆ ಅಂದರು. "ಗ್ಯಾಸ್ಟ್ರಿಕ್" ಅಂದೆ.

"ಅದು ನಾನು ಹೇಳಬೇಕಾದ್ದು ಯಜಮಾನ್ರೇ. ನಿಮಗೆ ಏನಾಗುತ್ತೆ ಹೇಳಿ."

"ಅದೇ ಮೇಡಂ, ಗ್ಯಾಸ್ಟ್ರಿಕ್ ಆಗುತ್ತೆ."

"ಆ ಪದ ಬಿಟ್ಟು ಹೇಳಿ. ಬೆಳಗಿಂದ ಇಪ್ಪತ್ತು ಜನ ಬಂದಿದ್ದಾರೆ, ಇಪ್ಪತ್ತು ಜನಕ್ಕೂ ಅದೇ ಅಂತೆ. ಒಬ್ಬರಿಗೆ ಮಲಬದ್ಧತೆ, ಇನ್ನೊಬ್ಬರಿಗೆ ಅಲ್ಸರ್, ಮತ್ತೊಬ್ಬರಿಗೆ ಬರೀ ಚಿಂತೆ."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ನೋಡಿ, ಎಂಥ ಅವಸ್ಥೆ! ನಮ್ಮ ದೊಡ್ಡಮ್ಮನ ಬಾಯಲ್ಲಿ ಹೊಟ್ಟೆಯದೇ ಒಂದು ಸಂಸಾರವಿತ್ತು. ಎದೆ ಉರಿ ಬೇರೆ, ಹುಳಿತೇಗು ಬೇರೆ, ಉಬ್ಬರ ಬೇರೆ. ತೊಳಸುವುದು ಒಂದಾದರೆ ಮುರಿಯುವುದು ಇನ್ನೊಂದು, ನುಲಿಯುವುದು ಮತ್ತೊಂದು. ಹುಡುಗರು ಹೊಟ್ಟೆನೋವು ಅಂತ ಶಾಲೆ ತಪ್ಪಿಸಲು ನೋಡಿದರೆ 'ಯಾವ ನೋವು?' ಅಂತ ಕೇಳಿಯೇ ಕಳ್ಳತನ ಹಿಡಿಯುತ್ತಿದ್ದಳು. ಅಂಥವಳ ಕೈಯಲ್ಲಿ ಬೆಳೆದ ನಾನು ಒಂದೇ ಒಂದು ಕಡ ತಂದ ಪದ ಇಟ್ಟುಕೊಂಡು ಡಾಕ್ಟರ ಮುಂದೆ ಮೂಗನ ಹಾಗೆ ಕೂತಿದ್ದೆ. ಕೊನೆಗೆ ಕಣ್ಣು ಮುಚ್ಚಿ ದೊಡ್ಡಮ್ಮನನ್ನು ನೆನೆದುಕೊಂಡು ಹೇಳಿದೆ: "ಉರಿಯಲ್ಲ, ನುಲಿಯೂ ಅಲ್ಲ. ಒದ್ದೆ ಕಂಬಳಿ ಹಿಂಡ್ತಾರಲ್ಲ, ಹಂಗೆ ಹಿಂಡುತ್ತೆ. ಹಿಂಡಿ ಹಂಗೇ ಹಿಡ್ಕೊಳ್ಳುತ್ತೆ. ಬಲಪಕ್ಕೆಯಿಂದ ಹೆಗಲ ಹಿಂದಕ್ಕೆ ಹೋಗುತ್ತೆ. ತುಪ್ಪ, ಎಣ್ಣೆ ತಿಂದ ದಿನ."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. "ಇದನ್ನೇ ಮೊದಲು ಹೇಳಿದ್ರೆ!" ಅಂದು ಸ್ಕ್ಯಾನಿಂಗ್‌ಗೆ ಬರೆದರು.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ತುಂಬ ಬಸುರಿಯರು. ನಡುವೆ ಖಾಲಿ ಹೊಟ್ಟೆಯಲ್ಲಿ ನಾನು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅಕ್ಕರೆಯಿಂದ, "ಮಗಳನ್ನ ಕರ್ಕಂಬಂದಿದೀರಾ?" ಅಂದರು. ಅಷ್ಟರಲ್ಲಿ ಒಳಗಿಂದ ನನ್ನ ಹೆಸರು ಕೂಗಿದರು. ಎದ್ದು ಹೋಗುವಾಗ ಬೆಂಚಿಗೆ ಬೆಂಚೇ ನನ್ನ ಹೊಟ್ಟೆಯನ್ನು ನೋಡಿತು. ಒಬ್ಬಟ್ಟಿನ ಕೃಪೆಯಿಂದ ಅದೂ ಅಲ್ಲಿದ್ದವುಗಳಿಗೆ ಸಮನಾಗಿಯೇ ಇತ್ತು.

ಸಿಕ್ಕಿದ್ದು ಪಿತ್ತಕೋಶದಲ್ಲಿ ಕಲ್ಲು. ಲಿವರಿನ ಕೆಳಗೆ ಸಣ್ಣ ಬದನೆಕಾಯಿಯಂಥ ಚೀಲವೊಂದಿದೆಯಂತೆ, ಜಿಡ್ಡು ಕರಗಿಸುವ ಪಿತ್ತರಸವನ್ನು ಕೂಡಿಟ್ಟುಕೊಂಡು, ನಾವು ಜಿಡ್ಡು ತಿಂದಾಗ ಹಿಂಡಿ ಬಿಡುತ್ತದಂತೆ. ಆ ಚೀಲದ ಬಾಯಿಗೆ ಕಲ್ಲು ಅಡ್ಡ ಬಂದರೆ ಆ ಹಿಂಡುವುದೇ ನೋವು. "ಹೀಗೆ ಪದೇ ಪದೇ ನೋವು ಕೊಡೋ ಕಲ್ಲಿಗೆ ಔಷಧಿ ನಂಬಿಕೊಂಡು ಕೂರಬಾರದು. ಚೀಲವನ್ನೇ ತೆಗೆಯೋದು ಒಳ್ಳೇದು. ಬಿಟ್ಟರೆ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡು ಕಾಮಾಲೆ ಆಗಬಹುದು, ಇನ್ನೂ ಅಪಾಯವೂ ಆಗಬಹುದು" ಅಂದರು. ಆಪರೇಷನ್ ಅಂದ ಕೂಡಲೇ ನನ್ನ ಬಾಯಿಂದ ತೋಟದವರ ಬಾಯಲ್ಲಿ ಯಾವಾಗಲೂ ಬರುವ ಮಾತೇ ಬಂತು: "ಕಾಫಿ ಹಣ್ಣು ಕುಯ್ಲು ಮುಗೀಲಿ ಮೇಡಂ."

ಇನ್ನು ಮುಂದಿನದು ನನ್ನ ಸಹನೆಯ ಪರೀಕ್ಷೆ. 'ಕಲ್ಲಂತೆ' ಅನ್ನುವ ಸುದ್ದಿ ನನಗಿಂತ ಮೊದಲು ಊರು ತಲುಪಿತ್ತು. ನಮ್ಮ ಕಡೆ ಹೊಟ್ಟೆಯಲ್ಲಿ ಕಲ್ಲು ಅಂದರೆ ಒಂದೇ ಕಲ್ಲು, ಕಿಡ್ನಿಯದು. ಅದಕ್ಕೆ ಒಂದೇ ಮದ್ದು, ಬಾಳೆದಿಂಡಿನ ರಸ. ವನಗೂರಿನಿಂದ ಗಿರಿಜಳ ಅಣ್ಣ, ನಮ್ಮ ಭಾವ, ನನ್ನನ್ನೂ ಭಾವ ಅಂತಲೇ ಕರೆಯುವವರು, ಜೀಪಿನ ಹಿಂದೆ ಬಾಳೆದಿಂಡು ಪೇರಿಸಿಕೊಂಡು ಬಂದಿಳಿದರು. ಬಾಳೆ ತೋಟಕ್ಕೆ ಆನೆ ನುಗ್ಗಿದರೂ ಅಷ್ಟು ಗಿಡ ನೆಲಕ್ಕೆ ಬೀಳುತ್ತಿರಲಿಲ್ಲ.

"ಭಾವ, ಇದು ಆ ಕಲ್ಲಲ್ಲ" ಅಂದೆ.

"ಕಲ್ಲು ಕಲ್ಲೇ ಅಲ್ವಾ ಭಾವ? ಕುಡೀರಿ."

ದಿನಾ ಬೆಳಿಗ್ಗೆ ದಿಂಡಿನ ರಸ, ಮಧ್ಯಾಹ್ನ ದಿಂಡಿನ ಪಲ್ಯ, ಸಂಜೆ ಹುರುಳಿಕಟ್ಟು. ಪರಿಣಾಮ ಕೇಳಬೇಡಿ. ತೋಟದಲ್ಲಿ ಒಂದು ಸಾಲು ಮುಗಿಸುವಷ್ಟರಲ್ಲಿ ಎರಡು ಸಲ ಮರದ ಮರೆಗೆ ಹೋಗಬೇಕು. ಮರೆಯಿಂದ ಈಚೆ ಬರುವಷ್ಟರಲ್ಲಿ ಬೇಲಿಯಾಚೆಯಿಂದ ಹಾಲಪ್ಪಣ್ಣನ ದನಿ: "ಬಿತ್ತಾ ಮಾರಾಯ?" ಹಾಲು ಹಾಕಲು ಡೇರಿಗೆ ಹೋದರೆ "ಬಿತ್ತಾ ಅಣ್ಣ?" ಮಠದಲ್ಲಿ ಪೂಜೆಗೆ ಕೂತರೆ, ವಿಭೂತಿ ಕೊಡುತ್ತಿದ್ದ ಅಯ್ಯನವರೂ ಬಗ್ಗಿ ಮೆಲ್ಲಗೆ, "ಬಿತ್ತೇನಪ್ಪಾ?"

ಒಂದು ದಿನ ತಡೆಯಲಾರದೆ ಹಾಲಪ್ಪಣ್ಣನನ್ನೂ ಭಾವನನ್ನೂ ಜಗಲಿಯಲ್ಲಿ ಕೂರಿಸಿ ಪಾಠ ಮಾಡಿದೆ. ಪಿತ್ತಕೋಶ ಇಲ್ಲಿ, ಕಿಡ್ನಿ ಅಲ್ಲಿ, ಇದರ ದಾರಿ ಬೇರೆ, ಅದರ ದಾರಿ ಬೇರೆ. ಹಾಲಪ್ಪಣ್ಣ ಒಪ್ಪಲಿಲ್ಲ. "ಮೇಲಿನ ತೋಟದ ನೀರೂ ಕೆಳಗಿನ ತೋಟದ ನೀರೂ ಬಂದು ಸೇರೋದು ಅದೇ ಹಳ್ಳಕ್ಕೆ ತಾನೆ ಮಾರಾಯ?" ಅಂದ. ನಾನು ಅಲ್ಲಿಗೇ ಹಿಡಿದೆ. "ಘಟ್ಟದ ನೆತ್ತಿ ಮೇಲೆ ಮಳೆ ಬೀಳುತ್ತಲ್ಲ, ಈ ಕಡೆ ಬಿದ್ದಿದ್ದು ಎಲ್ಲಿಗೆ ಹೋಗುತ್ತೆ?" "ಹೇಮಾವತಿಗೆ." "ಆ ಕಡೆ ಬಿದ್ದಿದ್ದು?" "ಘಟ್ಟ ಇಳಿದು ಪಡುವಣ ಸಮುದ್ರಕ್ಕೆ." "ಹಂಗೇ ಕಣೋ! ಹೇಮಾವತಿಗೆ ಸುರಿದ ಬಾಳೆದಿಂಡಿನ ರಸ ಘಟ್ಟದ ಕೆಳಗಿನ ಕಲ್ಲನ್ನ ಕೊಚ್ಚಿಕೊಂಡು ಹೋಗುತ್ತಾ?" ನನ್ನ ವಿವರಣೆಗೆ ನಾನೇ ಬೆರಗಾಗಿ ಕೂತಿದ್ದೆ. ಆಮೇಲೆ ಭಾವ ಗಂಭೀರವಾಗಿ, "ಹಂಗಾದ್ರೆ ಎರಡು ಲೋಟ ಕುಡೀರಿ ಭಾವ. ಎರಡೂ ಕಡೆಗೆ ಆಗುತ್ತೆ" ಅಂದರು.

ಕುಯ್ಲು ಮುಗಿಯಲು ಇನ್ನೇನು ಸ್ವಲ್ಪ ಇತ್ತು. ಒಂದು ಬೆಳಿಗ್ಗೆ ಚಳಿ ಬಂದು ನಡುಗತೊಡಗಿದೆ. ನೋವು ಈ ಸಲ ಬಿಟ್ಟುಹೋಗುವ ಲಕ್ಷಣವೇ ಇರಲಿಲ್ಲ. ದೊಡ್ಡಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣು ಅರಿಶಿನ ಆಗೋಗೈತೆ ಕಣೋ ಮಗ" ಅಂದಳು. ಈ ಸಲ ಓಮ ಕುಟ್ಟಲಿಲ್ಲ, ಮೆಣಸಿನಕಾಯಿ ನಿವಾಳಿಸಲಿಲ್ಲ. "ಗಿರಿಜಾ, ಕಾರಿಗೆ ಹೇಳು" ಅಂದಳು, ಅಷ್ಟೆ. ಹಾಸನದವರೆಗೂ ಗಿರಿಜ ಒಂದು ಮಾತೂ ಬೈಯಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಹೆದರಿಕೆಯಾಗಿದ್ದು ಅದೊಂದೇ ಸಲ.

ಡಾಕ್ಟರಮ್ಮ ಹೇಳಿದ್ದೇ ಆಗಿತ್ತು. ಒಂದು ಕಲ್ಲು ಚೀಲದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡು, ಪಿತ್ತ ಕಟ್ಟಿ, ಸೋಂಕಾಗಿತ್ತು. "ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು" ಅಂತ ಗಿರಿಜಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. ಮೊದಲು ಬಾಯಿಂದ ಕೊಳವೆ ಇಳಿಸಿ ಸಿಕ್ಕಿಕೊಂಡಿದ್ದನ್ನು ತೆಗೆದರು. ಜ್ವರ ಇಳಿದ ಮೇಲೆ ಹೊಟ್ಟೆಗೆ ಸಣ್ಣ ಸಣ್ಣ ತೂತು ಹಾಕಿ ಚೀಲವನ್ನೇ ಈಚೆಗೆ ಎಳೆದರು. ನಾನು ಅರೆ ಎಚ್ಚರದಲ್ಲಿ ಮಲಗಿದ್ದಾಗ ಗಿರಿಜ ಫೋನಿನಲ್ಲಿ ಹಾಲಪ್ಪಣ್ಣನಿಗೆ, "ಕಲ್ಲು ಜಾರಿ ಕೆಳಕ್ಕೆ ಬಂದುಬಿಟ್ಟಿತ್ತಂತೆ" ಅಂತ ವಿವರಿಸುತ್ತಿದ್ದಳು. ಆ ಕಡೆಯಿಂದ ಅವನು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು: "ಕೊನೆಗೂ ಬಿತ್ತಲ್ಲ ತಾಯಿ! ದಿಂಡು ಕೆಲಸ ಮಾಡ್ತು ನೋಡಿ!" ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಕಿರುಚುವುದಕ್ಕೂ ಆಗುವುದಿಲ್ಲ. ಇವತ್ತಿಗೂ ನಮ್ಮೂರಿನಲ್ಲಿ ನನ್ನ ಕಲ್ಲು ಬೀಳಿಸಿದ್ದು ವನಗೂರಿನ ಬಾಳೆ. ಡಾಕ್ಟರು ಅದನ್ನು ಹೆಕ್ಕಿಕೊಂಡರು, ಅಷ್ಟೆ.

ಮನೆಗೆ ಕಳಿಸುವ ದಿನ ಭಾವ ಜೀಪು ತಂದರು. ಬೇಡ ಬೇಡ ಅಂದರೂ ದೊಡ್ಡಮ್ಮ ಅದರಲ್ಲೇ ಕೂತು ಬಂದಿದ್ದಳು. ಡಾಕ್ಟರಮ್ಮ ಊಟದ ವಿಚಾರ ಹೇಳಿ ಮುಗಿಸಿದ ಮೇಲೆ ಅವಳು ಮೆಲ್ಲಗೆ ಮುಂದೆ ಬಂದು ಕೇಳಿದಳು: "ಡಾಕ್ಟ್ರವ್ವಾ, ಪಿತ್ತದ ಚೀಲ ಪೂರ್ತಾ ತೆಗ್ದುಬುಟ್ರಾ?"

"ಪೂರ್ತಿ ತೆಗೆದಿದ್ದೀವಿ ಅಜ್ಜಿ."

"ಹಂಗಾದ್ರೆ ಇನ್ಮೇಲೆ ಇವನಿಗೆ ಸಿಟ್ಟು ಬರಲ್ಲ ಅನ್ನಿ. ಹುಟ್ಟಿದಾಗಿಂದ್ಲೂ ಪಿತ್ತ ನೆತ್ತಿಗೇರೋ ಕೂಸು ಇದು."

ಡಾಕ್ಟರಮ್ಮ ನಗು ತಡೆದುಕೊಂಡು, "ಪಿತ್ತ ತಯಾರು ಮಾಡೋದು ಲಿವರ್ ಅಜ್ಜಿ. ಅದು ಹಾಗೇ ಇದೆ. ಕೂಡಿಟ್ಟುಕೊಳ್ಳೋ ಚೀಲ ಮಾತ್ರ ಈಗಿಲ್ಲ" ಅಂದರು.

"ಅಂದ್ರೆ," ಅಂದಳು ಗಿರಿಜ, ಅಷ್ಟು ದಿನದ ಮೇಲೆ ಮೊದಲ ಸಲ ನನ್ನ ಕಡೆ ಆ ಹಳೇ ನೋಟ ನೋಡುತ್ತಾ, "ಇನ್ಮೇಲೆ ಕೂಡಿಟ್ಕೊಳ್ಳಲ್ಲ. ಆಗಿಂದಾಗ್ಲೇ ಸುರೀತಾರೆ ಅಂತಾಯ್ತು."

ಜೀಪು ಹೊರಟಿತು. ಆಲೂರು ದಾಟಿ ನಮ್ಮೂರ ರಸ್ತೆಗೆ ತಿರುಗಿದ್ದೇ ತಡ, ಭಾವ ಒಂದು ಹೊಂಡವನ್ನೂ ಬಿಡದೆ ಇಳಿಸಿ ಹತ್ತಿಸಿದರು. ಹೊಲಿಗೆಯೆಲ್ಲ ಒಟ್ಟಿಗೆ ಕೂಗಿಕೊಂಡವು. ನಾನು ಬಾಯಿ ತೆರೆದೆ. ಭಾವನಿಗೆ, ಅವರ ಜೀಪಿಗೆ, ಬಾಳೆದಿಂಡಿಗೆ ಸೇರಿಸಿ ಹೇಳುವುದು ಬಹಳ ಇತ್ತು. ದೊಡ್ಡಮ್ಮ ತಿರುಗಿ ನೋಡಿದಳು. ಗಿರಿಜ ನೋಡಿದಳು. ಕನ್ನಡಿಯಲ್ಲಿ ಭಾವ ನೋಡಿದರು. ಇಷ್ಟು ವರ್ಷ ನನ್ನ ಬಾಯಿಂದ ಬಂದದ್ದಕ್ಕೆಲ್ಲ ಪಿತ್ತದ ಮೇಲೆ ದೂರು ಹಾಕಿ ಮನೆಯವರು ಮಾಫಿ ಮಾಡುತ್ತಿದ್ದರು. ಇನ್ನು ಮೇಲೆ ಏನು ಬಂದರೂ ಅದು ನನ್ನದೇ ಅನ್ನುವುದು ಆಗ ಹೊಳೆಯಿತು. ಒಂದು ಉಸಿರು ಎಳೆದುಕೊಂಡೆ. "ಸ್ವಲ್ಪ ನಿಧಾನಕ್ಕೆ ಹೋಗೋಣ ಭಾವ, ಅವಸರ ಏನಿಲ್ಲ" ಅಂದೆ.

ಗಿರಿಜ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಅಣ್ಣ, ಜೀಪು ತಿರುಗಿಸು" ಅಂದಳು. "ಇವರಿಗೆ ಮತ್ತೆ ಜ್ವರ ಬಂದಂಗಿದೆ."