ಐದು ಸಲ ಮೊಬೈಲ್

ನಾನು ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಯಾರ ಮೇಲೂ ಕೂಗಾಡಿದವನಲ್ಲ. ನನ್ನ ಕೆಟ್ಟ ಗುಣ ಒಂದೇ: ಜನ ಆಡುವ ಇಂಗ್ಲಿಷಿನಲ್ಲಿ ತಪ್ಪು ಹುಡುಕುವುದು. ದುರದೃಷ್ಟವೆಂದರೆ ಇದಕ್ಕೆ ಸಂಬಳವೂ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರೊಂದರಲ್ಲಿ, ನಮ್ಮ ಹುಡುಗ ಹುಡುಗಿಯರು ಪರದೇಶದವರೊಂದಿಗೆ ಆಡಿದ ಮಾತನ್ನು ರೆಕಾರ್ಡಿಂಗಿನಲ್ಲಿ ಕೇಳಿ ಮಾರ್ಕ್ಸ್ ಹಾಕುವವನು ನಾನು. ಜೇಬಿನಲ್ಲಿಟ್ಟುಕೊಂಡು ತಿರುಗುವ ಫೋನಿನ ಹೆಸರೊಂದರಲ್ಲೇ ನನ್ನ ಕೈಯಲ್ಲಿ ಎಷ್ಟೋ ಜನ ಮಾರ್ಕ್ಸ್ ಕಳೆದುಕೊಂಡಿದ್ದಾರೆ. ಇಂಗ್ಲೆಂಡಿನವರಿಗೆ ಅದು ಮೊಬೈಲ್, ಅಮೆರಿಕದವರಿಗೆ ಸೆಲ್ ಫೋನ್, ಸಿಂಗಾಪುರದವರಿಗೆ ಹ್ಯಾಂಡ್ ಫೋನ್. ಆಯಾ ದೇಶದವರೊಂದಿಗೆ ಅವರ ಪದವನ್ನೇ ಆಡಬೇಕೆಂದು ಈ ಪಟ್ಟಿಯನ್ನು ನಾನೇ ತಯಾರಿಸಿ ಆಫೀಸಿನ ಗೋಡೆಗೆ ಅಂಟಿಸಿದ್ದೆ. ಮನೆಯಲ್ಲಿ ಮಾತ್ರ, ಕೋಲಾರದ ಕಡೆಯವಳಾದ ನನ್ನ ಹೆಂಡತಿ "ಸೆಲ್ಲು ಎಲ್ಲಿಟ್ರಿ?" ಎಂದರೆ ನಾನು "ಮೊಬೈಲ್ ಚಾರ್ಜಿಗಿದೆ" ಎನ್ನುತ್ತೇನೆ. ಹದಿನೆಂಟು ವರ್ಷಗಳಿಂದ ಸಂಸಾರ ಸಾಗಿಯೇ ಇದೆ. ಅದನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ನಾವು ಬಾಡಿಗೆಗಿರುವುದು ಜಿಗಣಿ ರಸ್ತೆಯಲ್ಲಿ, ಜಯಮ್ಮನವರ ಮನೆಯ ಮಹಡಿಯ ಮೇಲೆ. ಒಂದು ಕಾಲದಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಯಾವುದೋ ಕಂಪನಿಯ ಕಾರುಗಳು ಸಾಲಾಗಿ ನಿಂತಿರುತ್ತವೆ. ಅವರ ಮಗಳು ಪವಿತ್ರ ನಮ್ಮ ಆಫೀಸಿಗೇ ಸೇರಿದಳು. ಆರು ತಿಂಗಳಾದ ಮೇಲೆ ಮಾರ್ಕ್ಸ್ ನೋಡಿ ಕಾಯಂ ಮಾಡುವ ಪದ್ಧತಿ. ಜಯಮ್ಮ ಅವರೆಕಾಳಿನ ಸಾರು ತಂದುಕೊಟ್ಟು ಹೇಳಿದ್ದರು: "ಸಾರ್, ನಮ್ ಉಡ್ಗೀನ ವಸಿ ನೋಡ್ಕಳಿ. ಕೆಲ್ಸ ಕಾಯಂ ಆದ್ರೆ ಎರಡ್ ವರ್ಸ ಮದ್ವೆ ಮಾತೇ ಎತ್ತಾಕಿಲ್ಲ ಅಂತ ಅವ್ರಪ್ಪ ಒಪ್ಕೊಂಡವ್ರೆ." ಪವಿತ್ರ ಹಿಂದೆ ನಿಂತು ಬಾಗಿಲ ಚಿಲಕವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಎರಡು ವರ್ಷ.

ನಮಗೆ ಬರುವ ರೆಕಾರ್ಡಿಂಗಿನಲ್ಲಿ ಹೆಸರಿರುವುದಿಲ್ಲ, ಬರೀ ನಂಬರು. ಆದರೂ ಆ ದಿನ ಎರಡನೇ ವಾಕ್ಯಕ್ಕೇ ಪವಿತ್ರಳ ದನಿ ಎಂದು ಗೊತ್ತಾಯಿತು. ಆ ಕಡೆ ಅಮೆರಿಕದ ಒಬ್ಬ ಮುದುಕಿ. ಗಂಡ ತೀರಿಕೊಂಡಿದ್ದಾನೆ, ಅವನ ನಂಬರನ್ನು ನಿಲ್ಲಿಸಬೇಕು. ಹೇಳುತ್ತಾ ಹೇಳುತ್ತಾ ಆಕೆಗೆ ಅಳು ಬಂತು. ಪವಿತ್ರ ಅವಸರ ಮಾಡಲಿಲ್ಲ. "ಅವರ ಮೊಬೈಲ್ ನಿಮ್ಮ ಹತ್ತಿರವೇ ಇರಲಿ, ನಂಬರ್ ಮಾತ್ರ ನಿಲ್ಲಿಸ್ತೀನಿ, ಫೋಟೋಗಳೆಲ್ಲ ಹಾಗೇ ಇರುತ್ತವೆ" ಎಂದು ತನ್ನ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು. ಒಟ್ಟು ಐದು ಸಲ ಮೊಬೈಲ್ ಎಂದಳು. ಕೊನೆಕೊನೆಗೆ ಆ ಮುದುಕಿಯೇ ಸೆಲ್ ಫೋನ್ ಬಿಟ್ಟು ಮೊಬೈಲ್ ಎನ್ನತೊಡಗಿದಳು, ಫೋನಿಡುವಾಗ "ದೇವರು ಒಳ್ಳೆಯದು ಮಾಡಲಿ ಮಗಳೇ" ಎಂದಳು.

ನಾನು ಐದು ಸಲಕ್ಕೂ ಮಾರ್ಕ್ಸ್ ಕಳೆದೆ. ಮಾತು ಲಂಬಿಸಿದ್ದಕ್ಕೆ ಇನ್ನಷ್ಟು ಕಳೆದೆ. ಪರಿಚಯದ ಹುಡುಗಿಯೆಂದು ಬಿಟ್ಟರೆ ಪಕ್ಷಪಾತವಾಗುತ್ತದಲ್ಲ! ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಂಡು ಕಾಫಿ ಕುಡಿದು ಬಂದೆ. ಆ ತಿಂಗಳ ಕೊನೆಗೆ ಅವಳ ಆರು ತಿಂಗಳು ತುಂಬಿತು; ಮಾರ್ಕ್ಸ್ ಸಾಲದೆ ಅವಳನ್ನು ಕಾಯಂ ಮಾಡಲಿಲ್ಲ. "ಯಾವ ಪಾಪಿ ಕಣ್ಣು ಬಿತ್ತೋ ಸಾರ್" ಎಂದು ಜಯಮ್ಮ ನನ್ನೆದುರೇ ಕಣ್ಣೊರೆಸಿಕೊಂಡರು. ನಾನು ಛೇ ಛೇ ಎಂದೆ.

ಎರಡು ತಿಂಗಳೊಳಗೆ ಆನೇಕಲ್ಲಿನ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ಊಟಕ್ಕೆ ನಮ್ಮನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ರೇಷ್ಮೆ ಸೀರೆಯಲ್ಲಿ ಪವಿತ್ರಳೇ ಹೋಳಿಗೆ ಬಡಿಸುತ್ತಾ ಬಂದಳು. ಈಗಲಾದರೂ ಹೇಳಿಬಿಡೋಣವೆಂದು ನಾನು, "ಪವಿತ್ರಾ, ಆ ಮಾರ್ಕ್ಸ್..." ಎಂದು ತೊದಲಿದೆ.

"ಗೊತ್ತು ಸಾರ್. ಶೀಟ್ ಕೆಳಗೆ ನಿಮ್ ಹೆಸ್ರಿತ್ತು."

ಮಾರ್ಕ್ಸ್ ಹಾಕುವ ನಮ್ಮ ಹೆಸರು ಹುಡುಗರಿಗೆ ಕಾಣುವುದಿಲ್ಲವೆಂದು ಇಷ್ಟು ವರ್ಷ ನಂಬಿದ್ದೆ. ಹಾಗಾದರೆ ಆ ಎರಡು ತಿಂಗಳೂ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಅವಳು ಗೊತ್ತಿದ್ದೇ ನಕ್ಕಿದ್ದಳು.

"ಅಮ್ಮಂಗೆ ಹೇಳ್ಬೇಡಿ ಸಾರ್," ಅಂದಳು ಮೆಲ್ಲಗೆ. "ನಿಮ್ಮನ್ನ ತುಂಬಾ ನಂಬ್ಕೊಂಡಿದಾಳೆ. ಬೇಜಾರ್ ಮಾಡ್ಕೋತಾಳೆ. ಇನ್ನೊಂದು ಹಾಕ್ಲಾ?"

ಬೇಡವೆನ್ನುವಷ್ಟು ಮಾನವಾದರೂ ನನಗಿರಬೇಕಿತ್ತು. ಹಾಕಿಸಿಕೊಂಡೆ. ತುಪ್ಪವನ್ನೂ ಹಾಕಿಸಿಕೊಂಡೆ. ಹೋಳಿಗೆಯಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.