ಪರದೆಯೊಳಗೆ ಅತ್ತೆ, ಹೊರಗೆ ನಾನು

ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದವರ ಬಗ್ಗೆ ನಮಗೆ ಎಲ್ಲ ಗೊತ್ತು ಅಂದುಕೊಂಡಿರುತ್ತೇವೆ. ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರ ಕೆಮ್ಮು ನಿಜವಾದ ಕೆಮ್ಮು, ಯಾರದು ಇನ್ನೊಬ್ಬರ ಮಾತು ನಿಲ್ಲಿಸಲು ಕೆಮ್ಮಿದ್ದು, ಎಲ್ಲವೂ. ಶಹಾಪುರದ ನಮ್ಮ ಮನೆಯಂತೂ ಗುಟ್ಟು ಇಟ್ಟುಕೊಳ್ಳಲು ಕಟ್ಟಿಸಿದ್ದೇ ಅಲ್ಲ. ಪಡಸಾಲೆಯಲ್ಲಿ ಪಿಸುಗುಟ್ಟಿದ್ದು ಪಕ್ಕದ ಮನೆಯ ಖೈರುನ್‌ಬಿ ಅವರಿಗೆ ಕೇಳಿಸುತ್ತದೆ. ಅವರು ಗೋಡೆಯಾಚೆಯಿಂದಲೇ ಉತ್ತರವನ್ನೂ ಕೊಡುತ್ತಾರೆ. ಇಂಥ ಮನೆಯಲ್ಲಿ ಒಂದೇ ಒಂದು ವಸ್ತು ಯಾರ ಕಣ್ಣಿಗೂ ಪೂರ್ತಿ ಬೀಳದೆ ಉಳಿದಿತ್ತು. ಅದು ನಮ್ಮ ಅತ್ತೆಯ ಚಂಚಿ.

ಚಂಚಿ ಎಂದರೆ ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಅತ್ತೆ ಅದನ್ನು ಹಳೆಯ ಕುಪ್ಪಸದ ಖಣದಲ್ಲಿ ತಾವೇ ಹೊಲಿದುಕೊಂಡು, ಸೀರೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಅದರ ಮೊದಲ ಪದರದಿಂದ ಎಲೆ, ಎರಡನೆಯದರಿಂದ ಅಡಿಕೆ, ಆಮೇಲಿನದರಿಂದ ಸುಣ್ಣದ ಡಬ್ಬಿ ಹೊರಗೆ ಬರುವುದನ್ನು ಎಲ್ಲರೂ ನೋಡಿದ್ದೇವೆ. ಎಲ್ಲಕ್ಕಿಂತ ಒಳಗೆ ಇನ್ನೊಂದು ಪದರವಿದೆ. ಅದರಿಂದ ಏನೂ ಹೊರಗೆ ಬಂದಿದ್ದಿಲ್ಲ. ಅತ್ತೆ ಸ್ನಾನಕ್ಕೆ ಹೋದರೆ ಚಂಚಿಯೂ ಜೊತೆಗೆ ಹೋಗಿ ಬಚ್ಚಲ ಗೂಟಕ್ಕೆ ತೂಗುತ್ತದೆ. ಅದರಲ್ಲಿ ಮಾವನವರ ಉಂಗುರವಿದೆ ಅಂತ ನನ್ನ ಗಂಡನ ಊಹೆ. ಬರೀ ತಂಬಾಕು ಅಂತ ನಾದಿನಿಯ ಊಹೆ. ನಾನು ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕುತೂಹಲವೇ ವಿಜ್ಞಾನದ ತಾಯಿಬೇರು ಅಂತ ದಿನಾ ಮಕ್ಕಳಿಗೆ ಹೇಳುವವಳು. ಹಾಗಾಗಿ ಅತ್ತೆಯ ಸೊಂಟದ ಕಡೆಗೆ ನನ್ನ ಕಣ್ಣು ಹೋಗುವುದು ವೈಜ್ಞಾನಿಕ ಮನೋಭಾವದಿಂದಲೇ ಅಂತ ನಾನು ನಂಬಿಕೊಂಡಿದ್ದೆ.

ನಾದಿನಿ ಇರುವುದು ದಿಲ್ಲಿಯಲ್ಲಿ. ನಮ್ಮ ಕಡೆ ಕಾಲುವೆಯ ಕೆಲಸ ನಡೆದಾಗ ಒಬ್ಬ ಎಂಜಿನಿಯರು ನಮ್ಮ ಓಣಿಯಲ್ಲಿ ಬಾಡಿಗೆಗೆ ಬಂದಿದ್ದರು. ಕಾಲುವೆ ನಮ್ಮ ಹೊಲಕ್ಕೆ ನೀರು ತಂದಿತು, ಮನೆಗೆ ಅಳಿಯನನ್ನು ತಂದಿತು. ಕಾಲುವೆ ಇಲ್ಲೇ ಉಳಿಯಿತು, ಅಳಿಯನಿಗೆ ದಿಲ್ಲಿಗೆ ವರ್ಗವಾಯಿತು. ಬಹಳ ವರ್ಷ ಕಾದ ಮೇಲೆ ನಾದಿನಿ ಗರ್ಭಿಣಿಯಾಗಿದ್ದಳು. ದಿನ ತುಂಬುವ ಮೊದಲೇ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ ಅಂತ ಒಂದು ಬೆಳಿಗ್ಗೆ ಫೋನು ಬಂತು. "ಅವ್ವನ್ನ ವಿಮಾನದಾಗ ಕಳಸ್ರಿ, ರೈಲು ಬ್ಯಾಡ" ಎಂದು ಅಳಿಯ ಟಿಕೆಟ್ಟನ್ನೂ ತೆಗೆಸಿಬಿಟ್ಟ. ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರಿಂದ ನನ್ನ ಗಂಡ ಭತ್ತದ ನಾಟಿ ಬಿಟ್ಟು ಬರುವಂತಿರಲಿಲ್ಲ. ಶಾಲೆಗೆ ರಜೆ ಇತ್ತು. ಅತ್ತೆಯ ಜೊತೆ ನಾನು ಹೊರಟೆ. ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ.

ಹೊರಡುವ ಮುನ್ನ ಖೈರುನ್‌ಬಿ ಬಂದರು. ಅವರು ಹಜ್ ಯಾತ್ರೆ ಮಾಡಿ ಬಂದವರು, ವಿಮಾನದ ವಿಷಯದಲ್ಲಿ ನಮ್ಮ ಓಣಿಗೆಲ್ಲ ಅವರ ಮಾತೇ ಕೊನೆ. ಎಲ್ಲೋ ಒಂದು ಕಡೆ ಕೈ ಮೇಲೆತ್ತಿ ನಿಲ್ಲಿಸುವ ಮಷೀನು ಇದೆಯೆಂದೂ, ಅದಕ್ಕೆ ಬಟ್ಟೆಯ ಒಳಗಿನದೆಲ್ಲ ಕಾಣುತ್ತದೆಂದೂ ಅತ್ತೆಯ ಕಿವಿಯಲ್ಲಿ ಹೇಳಿ ಹೋದರು. ಬಸ್ಸು ಯಾದಗಿರಿ ದಾಟಿತು. ಅತ್ತೆ ಶುರುಮಾಡಿದರು.

"ಶಾಂತಾ, ಆ ಮಷೀನು ಸೀರಿ ಒಳಗಿಂದ ನೋಡ್ತದಂತ, ಖರೇನು?"

"ಇಲ್ರೀ ಅತ್ತಿ. ನಾವು ಹೋಗೋ ಕಡಿ ಇರೂದು ಬರೇ ಲೋಹ ಹುಡುಕೋ ಮಷೀನು. ಕಬ್ಬಿಣ, ಹಿತ್ತಾಳಿ ಇದ್ರ ಕುಂಯ್ ಅಂತದ, ಅಷ್ಟೇರಿ."

"ಮಷೀನು ನೋಡಿದ್ರ ನೋಡ್ಲಿ, ಅದಕ್ಕೇನು ಕಣ್ಣದಾವು? ಮಷೀನಿನಾಗ ನೋಡಾವ್ರು ಯಾರು? ಗಂಡಸ್ರೋ ಹೆಂಗಸ್ರೋ?"

ನಾನು ಕಾಂತಗಳ ಪಾಠ ಎಷ್ಟೋ ಸಲ ಮಾಡಿದ್ದೇನೆ. ನೋಡುವವರು ಯಾರು ಅಂತ ಆ ಪಾಠದಲ್ಲಿ ಇಲ್ಲ. "ಹೆಂಗಸ್ರಿಗೆ ಹೆಂಗಸ್ರೇ ಇರ್ತಾರ್ರಿ" ಅಂದೆ.

"ನೋಡಿದ್ದು ಆಮ್ಯಾಲ ಎಲ್ಲಿ ಇಡ್ತಾರ?"

ತರಗತಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಮನೆಯಲ್ಲಿ ಓದಿಕೊಂಡು ಬಾ ಅಂತ ಕೂರಿಸುತ್ತಿದ್ದೆ. ಅತ್ತೆಯನ್ನು ಹಾಗೆ ಕೂರಿಸಲು ಬರುವುದಿಲ್ಲ. ಕಿಟಕಿಯ ಹೊರಗೆ ಏನೋ ತೋರಿಸಿದೆ. ಅವರು ಅದನ್ನು ನೋಡದೆ ನನ್ನನ್ನೇ ನೋಡಿದರು.

ವಿಮಾನ ನಿಲ್ದಾಣದಲ್ಲಿ ಗಂಡಸರದು ಒಂದು ಸಾಲು, ಹೆಂಗಸರದು ಒಂದು. ಬಾಗಿಲಿನ ಚೌಕಟ್ಟಿನಂಥದ್ದನ್ನು ನಾನು ದಾಟಿದೆ, ಅದು ಸುಮ್ಮನಿತ್ತು. ಅತ್ತೆ ದಾಟಿದರು, ಅದು ಕೂಗಿಕೊಂಡಿತು. ಸೆಕ್ಯುರಿಟಿಯ ಹುಡುಗಿ, ಖಾಕಿ ತೊಟ್ಟ ಗಟ್ಟಿಮುಟ್ಟಾದ ಹೆಣ್ಣುಮಗಳು, ಕೈಯ ಮಷೀನನ್ನು ಅತ್ತೆಯ ಹೆಗಲಿನಿಂದ ಕೆಳಗೆ ಇಳಿಸಿದಳು. ಸೊಂಟದ ಹತ್ತಿರ ಬಂದದ್ದೇ ಅದು ಕುಂಯ್ ಅಂತ ಹಟ ಹಿಡಿಯಿತು. ಅವಳು ಮುಟ್ಟಿ ನೋಡಲು ಕೈ ಚಾಚಿದಳು. ಅತ್ತೆ ಗಪ್ಪನೆ ಅವಳ ಮುಂಗೈ ಹಿಡಿದುಕೊಂಡರು.

ಆಚೆಯ ಸಾಲಿನಲ್ಲಿ ಬಂದೂಕು ಹಿಡಿದು ನಿಂತಿದ್ದವನು ಈ ಕಡೆ ತಿರುಗಿದ. ನಾನು ಓಡಿ ಬಂದು ಪರೀಕ್ಷೆಗೆಂದು ಕಲಿತಿದ್ದ ನನ್ನ ಹಿಂದಿಯಲ್ಲಿ ಏನೋ ಹೇಳಲು ಹೋದೆ. ಕರ್ತೃವಾದ ಮೇಲೆ ಕ್ರಿಯಾಪದ ಹುಡುಕುತ್ತಿರುವಾಗಲೇ ಅತ್ತೆ ನನ್ನ ಕಡೆ ತಿರುಗಿ, "ಶಾಂತಾ, ನಾ ಬರಂಗಿಲ್ಲ. ನಡಿ, ಊರಿಗೆ ಹೋಗೋಣು" ಅಂದರು.

"ಅತ್ತೀ, ಅಲ್ಲಿ ನಿಮ್ಮ ಮಗಳು ದವಾಖಾನ್ಯಾಗ ಮಲಗ್ಯಾಳ್ರಿ."

ಅತ್ತೆಯ ಮುಖ ಸಣ್ಣದಾಯಿತು. ಹಿಡಿದ ಕೈ ಮಾತ್ರ ಬಿಡಲಿಲ್ಲ. ಸೆಕ್ಯುರಿಟಿಯವಳು ಬಿಡಿಸಿಕೊಳ್ಳಲೂ ಇಲ್ಲ, ಗದರಿಸಲೂ ಇಲ್ಲ. ಮೆಲ್ಲಗೆ, "ಕ್ಯಾ ಹೈ ಅಮ್ಮಾ?" ಅಂತ ಕೇಳಿದಳು.

"ಹಾತ್ ನಕ್ಕೊ ಲಗಾ ಬೇಟಿ. ಮೈಚ್ ದಿಖಾತೂಂ" ಅಂದರು ಅತ್ತೆ. ನೀ ಮುಟ್ಟಬೇಡ ಮಗಳೇ, ನಾನೇ ತೋರಿಸುತ್ತೇನೆ ಅಂತ. ಗೋಡೆಯಾಚೆಯ ಖೈರುನ್‌ಬಿ ಜೊತೆ ಆಯುಷ್ಯವಿಡೀ ಆಡಿದ ನಮ್ಮ ಕಡೆಯ ಉರ್ದು ಅದು. ಸೆಕ್ಯುರಿಟಿಯವಳ ಮುಖದಲ್ಲಿ ನಗು ಕಾಣಿಸಿತು. ಪಕ್ಕದಲ್ಲಿ ಪರದೆ ಕಟ್ಟಿದ ಸಣ್ಣ ಗೂಡಿತ್ತು. ಅದರ ಕಡೆ ಕೈ ತೋರಿಸಿದಳು.

ನನ್ನ ಬದುಕಿನಲ್ಲಿ ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಅಂತ ನನಗೆ ಆ ಗಾಬರಿಯಲ್ಲೂ ಹೊಳೆಯಿತು. ಸರಕಾರವೇ ಚಂಚಿ ಬಿಚ್ಚಿಸುತ್ತಿದೆ, ನಾನು ಪಕ್ಕದಲ್ಲಿ ನಿಂತರೆ ಸಾಕು. ನಾನೂ ಪರದೆ ಸರಿಸಿದೆ. "ಇವರಿಗೆ ಹಿಂದಿ ಅಷ್ಟು ಬರುವುದಿಲ್ಲ, ನಾನು ಜೊತೆಗಿರುತ್ತೇನೆ" ಅನ್ನುವ ಅರ್ಥದ ಏನನ್ನೋ ಹೇಳಿದೆ. ಸೆಕ್ಯುರಿಟಿಯವಳು ಅತ್ತೆಯ ಮುಖ ನೋಡಿದಳು.

"ನೀ ಹೊರಗ ನಿಂದ್ರು" ಅಂದರು ಅತ್ತೆ.

ಪರದೆ ಮುಚ್ಚಿತು. ನಾನು ಚಪ್ಪಲಿ, ಬ್ಯಾಗು, ಅತ್ತೆಯ ಕೋಲು ಎಲ್ಲ ಹಿಡಿದುಕೊಂಡು ಹೊರಗೆ ನಿಂತೆ. ಒಳಗೆ ಪಿಸುಮಾತು. ಆಮೇಲೆ ಇಬ್ಬರೂ ನಕ್ಕರು. ಅತ್ತೆ ನನ್ನ ಎದುರು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ಪರದೆಯ ಕೆಳಗೆ ನಾಲ್ಕು ಪಾದಗಳು ಮಾತ್ರ ಕಾಣುತ್ತಿದ್ದವು. ಪಾದಗಳಿಂದ ಏನೂ ತಿಳಿಯುವುದಿಲ್ಲ, ನಾನು ಬಗ್ಗಿ ನೋಡಿಯೇ ಹೇಳುತ್ತಿದ್ದೇನೆ. ಕೊನೆಗೆ ಸೆಕ್ಯುರಿಟಿಯವಳು ಅಡಕೊತ್ತು ಹಿಡಿದುಕೊಂಡು ಹೊರಗೆ ಬಂದಳು. ಅಡಿಕೆ ಕತ್ತರಿಸುವ ಆ ಕಬ್ಬಿಣದ ಅಲಗು ವಿಮಾನದೊಳಗೆ ನಡೆಯುವುದಿಲ್ಲವಂತೆ. ಅತ್ತೆ ಚಕಾರವೆತ್ತದೆ ಅದನ್ನು ಬಿಟ್ಟುಕೊಟ್ಟರು. ಆ ಹುಡುಗಿಯ ಕೆನ್ನೆ ಸವರಿ, ಬೆರಳ ನೆಟಿಕೆ ಮುರಿದು, ಮಹಾರಾಣಿಯ ಹಾಗೆ ಮುಂದೆ ನಡೆದರು. ಮಷೀನು ಕೂಗಿದ್ದರ ಗುಟ್ಟು ಬಯಲಾಯಿತು. ಒಳಪದರದ ಗುಟ್ಟು ಹಾಗೇ ಉಳಿಯಿತು.

ವಿಮಾನ ಮೇಲೇರಿ ಅತ್ತೆ ಕಣ್ಣು ಬಿಟ್ಟ ಮೇಲೆ ನಾನು ಮೆಲ್ಲಗೆ ಮಾತು ತೆಗೆದೆ. "ಅತ್ತೀ, ಆಕಿ ಒಳಗಿಂದು ಎಲ್ಲಾ ತಗಸಿ ನೋಡಿದ್ಲೇನ್ರಿ?"

"ಹೂಂ, ನೋಡಿದ್ಲು. ನಾನೇ ತಗದು ತೋರಿಸಿದ್ನಿ. ಕೈ ಹಚ್ಚಲಿಲ್ಲ. ಶಾಣ್ಯಾ ಹುಡುಗಿ."

"ಏನಿತ್ರಿ ಅದ್ರಾಗ?"

ಅತ್ತೆ ಕಿಟಕಿಯ ಮೋಡ ನೋಡುತ್ತ ಬಹಳ ಶಾಂತವಾಗಿ ಹೇಳಿದರು: "ಆಕಿ ಕೇಳಿದ್ದು ಆಕಿ ನೌಕರಿ ಸಲುವಾಗಿ. ವಿಮಾನದಾಗ ಕುಂತವ್ರಿಗೆ ಯಾರಿಗೂ ಏನೂ ಆಗಬಾರದು ಅಂತ ಕೇಳಿದ್ಲು, ನಾ ತೋರಿಸಿದ್ನಿ. ನೀ ಯಾಕ ಕೇಳಾಕತ್ತಿ?"

ನಾನು ಬೆಲ್ಟು ಬಿಗಿ ಮಾಡಿಕೊಂಡು, ಮುಂದಿನ ಸೀಟಿನ ಜೇಬಿನಲ್ಲಿದ್ದ ಸುರಕ್ಷತೆಯ ಸೂಚನೆಗಳನ್ನು ಓದತೊಡಗಿದೆ.

ನಾದಿನಿಗೆ ಹೆಣ್ಣುಮಗು ಹುಟ್ಟಿತು. ಅಜ್ಜಿ ಎತ್ತಿಕೊಂಡ ಮೇಲೆ ಅಳು ನಿಲ್ಲಿಸಿತು. ಅತ್ತೆ ಬಾಣಂತಿಗೆಂದು ಅಂಟು, ಕೊಬ್ಬರಿ, ತುಪ್ಪ ಹಾಕಿ ಅಂಟಿನುಂಡಿ ಕಟ್ಟಿದರು. ಬಾಣಂತಿ ತಿಂದಳೋ ಇಲ್ಲವೋ, ನಾನು ಮಾತ್ರ ಶ್ರದ್ಧೆಯಿಂದ ತಿಂದೆ. ರಜೆ ಮುಗಿಯುವ ಹೊತ್ತಿಗೆ ನನ್ನ ಯಾವ ಕುಪ್ಪಸವೂ ನನ್ನ ಮಾತು ಕೇಳದಂತಾಗಿತ್ತು. ನಾದಿನಿ ಅಳಿಯನ ಕೈಯಿಂದ ಹೊಟ್ಟೆಗೆ ಕಟ್ಟುವ ಪಟ್ಟಿಯೊಂದನ್ನು ತನಗೆಂದು ತರಿಸಿ, ಅತ್ತೆಗೆ ಕಾಣದಂತೆ ನನಗೆ ಕೊಟ್ಟಳು. ಅದನ್ನು ಬಿಗಿದುಕೊಂಡು ಮೇಲೆ ಸೀರೆ ಉಟ್ಟರೆ ನಾನು ಹೊಸದಾಗಿ ಸೊಸೆಯಾಗಿ ಬಂದವಳ ಹಾಗೆ ಕಾಣುತ್ತೇನೆ ಅಂತ ಅವಳೇ ಹೇಳಿದಳು. ಉಸಿರು ಮಾತ್ರ ಅರ್ಧಕ್ಕೇ ವಾಪಸು ಬರುತ್ತಿತ್ತು.

ಮರಳುವಾಗ ದಿಲ್ಲಿಯ ನಿಲ್ದಾಣದಲ್ಲಿ ಅತ್ತೆ ಯಾರೂ ಕೇಳುವ ಮೊದಲೇ "ಪರದಾ ಕಿಧರ್ ಹೈ?" ಅಂತ ತಾವೇ ಕೇಳಿ, ಒಳಗೆ ಹೋಗಿ, ಕ್ಷಣದಲ್ಲಿ ಹೊರಗೆ ಬಂದು ಕುರ್ಚಿಯಲ್ಲಿ ಕುಳಿತರು. ನನ್ನ ಸಾಲಿನಲ್ಲಿ ಹೊಸ ಮಷೀನು ಇತ್ತು, ಖೈರುನ್‌ಬಿ ಹೇಳಿದ ಆ ಕೈ ಎತ್ತಿಸುವ ಮಷೀನು. ನಾನು ಕೈ ಎತ್ತಿ ನಿಂತೆ. ಹೊರಗೆ ಬಂದು ನೋಡಿದರೆ ಮಷೀನಿನ ಸ್ಕ್ರೀನಿನ ಮೇಲೆ ನನ್ನ ಚಿತ್ರವೇನೂ ಇರಲಿಲ್ಲ. ನಾನು ಕರಿಹಲಗೆಯ ಮೇಲೆ ಬರೆಯುವಂಥ, ಕಣ್ಣು ಮೂಗಿಲ್ಲದ ಒಂದು ಗೊಂಬೆಯ ಆಕಾರ. ಯಾರದಾದರೂ ಆಗಬಹುದಿತ್ತು. ಇಷ್ಟೇನಾ ಅಂತ ನಿರಾಳವಾಗುವಷ್ಟರಲ್ಲಿ ಆ ಗೊಂಬೆಯ ಹೊಟ್ಟೆಯ ಮೇಲೆ ಹಳದಿ ಚೌಕವೊಂದು ಮೂಡಿತು. ಪಟ್ಟಿಯಲ್ಲಿ ಉಕ್ಕಿನ ಕಡ್ಡಿಗಳಿದ್ದದ್ದು ನನಗೆ ಆಗ ತಿಳಿಯಿತು.

ನನ್ನನ್ನೂ ಪರದೆಯೊಳಗೆ ಕರೆದರು. ಅಲ್ಲಿದ್ದ ಹೆಣ್ಣುಮಗಳು ಸೆರಗು ಸರಿಸಿ ನೋಡಿ, ನಗು ತಡೆದುಕೊಂಡು, ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಅಂತ ಕೇಳಿದಳು. ನೋಡುವುದಕ್ಕೆ ಮಾಡುತ್ತದೆ, ಉಣ್ಣುವುದಕ್ಕೆ ಬಿಡುವುದಿಲ್ಲ ಅಂದೆ. ಆ ವಾಕ್ಯದಲ್ಲಿ ನನ್ನ ಹಿಂದಿ ಎಲ್ಲಿಯೂ ತಪ್ಪಲಿಲ್ಲ. ಹೊರಗೆ ಬರುವಾಗ ಅತ್ತೆಗೆ ಏನು ಹೇಳಬೇಕು ಅಂತ ಯೋಚಿಸಿಯೇ ಬಂದೆ. ಬೆನ್ನುನೋವಿಗೆ ಡಾಕ್ಟರು ಕಟ್ಟಿಕೊಳ್ಳಲು ಹೇಳಿದ್ದು ಅನ್ನಬೇಕು. ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಇಬ್ಬರೂ ನಕ್ಕುಬಿಡಬೇಕು.

ಅತ್ತೆ ನನ್ನ ಮುಖ ನೋಡಿದರು. "ಬಾ, ಕೂಡು. ನೀರು ಕುಡಿ" ಅಂದರು. ಅಷ್ಟೇ. ವಿಮಾನದಲ್ಲಿಯೂ ಕೇಳಲಿಲ್ಲ, ಶಹಾಪುರದ ಬಸ್ಸಿನಲ್ಲಿಯೂ ಕೇಳಲಿಲ್ಲ. ಮಗು ಅಂಬೆಗಾಲಿಡುತ್ತಿದೆ ಅಂತ ದಿಲ್ಲಿಯಿಂದ ಫೋನು ಬಂದಿದೆ, ಇನ್ನೂ ಕೇಳಿಲ್ಲ. ಒಂದು ಸಲ, ಒಂದೇ ಒಂದು ಸಲ ಕೇಳಿಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಉತ್ತರ ತಯಾರಿಟ್ಟುಕೊಂಡು ಅವರ ಸುತ್ತಲೇ ಸುಳಿದಾಡುತ್ತಿದ್ದೇನೆ. ಅವರು ಎಲೆಯ ತೊಟ್ಟು ಮುರಿಯುತ್ತ, ಇವತ್ತು ಕಾಲುವೆಗೆ ನೀರು ಬಂತೇನು ಅಂತ ಕೇಳುತ್ತಾರೆ.