ಪರಪ್ಪ ಮಾಸ್ತರರ ಉಲ್ಟಾ ತಾಮ್ರ

"ಕ್ಯಾಮರಾದವ ಬ್ಯಾಡ, ಸ್ಟುಡಿಯೋ ಬ್ಯಾಡ. ಮೊಬೈಲ್ ಐತಿ, ನಾ ಅದೇನಿ. ಮೂರು ಮಿನಿಟಿನ ವಿಡಿಯೋ ಏನ್ ದೊಡ್ಡ ಮಾತು?" ಎಂದು ಪರಪ್ಪ ಮಾಸ್ತರರು ಘೋಷಿಸಿಬಿಟ್ಟರು.

ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಲು ಶುರುಮಾಡಿ ಅವರಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಬಸವನ ಬಾಗೇವಾಡಿಯ ವಿಜ್ಞಾನ ಶಿಕ್ಷಕರ ಸಮ್ಮೇಳನದಲ್ಲಿ ಪ್ರಯೋಗದ ವಿಡಿಯೋ ತೋರಿಸಲು ಮೊದಲ ಸಲ ಅವರ ಹೆಸರು ಬಂದಿತ್ತು. ವಿಷಯ, ನಿಂಬೆಹಣ್ಣಿನಿಂದ ದೀಪ ಹಚ್ಚುವುದು. ನಿಂಬೆ ತೋಟಗಳ ಊರಾದ ಇಂಡಿಯಲ್ಲಿ ಹಣ್ಣಿಗೇನು ಬರವೇ? ನಾಲ್ಕು ಹಣ್ಣು, ಒಂದೊಂದಕ್ಕೂ ತಾಮ್ರದ ತಂತಿ, ಸತುವಿನ ಮೊಳೆ, ಕೊನೆಗೊಂದು ಪುಟ್ಟ ಎಲ್‌ಇಡಿ ದೀಪ. ಮುಗಿಯಿತು.

ರವಿವಾರ ಮುಂಜಾನೆ ಅಡುಗೆಮನೆಯ ಕಟ್ಟೆಯ ಮೇಲೆ, ಗೋಡೆಯ ಕ್ಯಾಲೆಂಡರಿನ ಮುಂದೆ, ಪ್ರಯೋಗ ಸಜ್ಜಾಯಿತು. ಚಹಾಪುಡಿ ಡಬ್ಬಿಗೆ ಮೊಬೈಲು ಆನಿಸಿ, ತಮ್ಮ ಮುಖ ತಮಗೇ ಕಾಣುವ ಹಾಗೆ ಮುಂದಿನ ಕ್ಯಾಮರಾ ಹಾಕಿದರು. ತಲೆ ಬಾಚಿದ್ದು ನೋಡಿಕೊಳ್ಳಬೇಕಲ್ಲ. ತಲೆ ಸರಿಯಾಗಿತ್ತು. ಹಣ್ಣಿನ ಮುಂದೆ ಅಂಟಿಸಿದ್ದ 'ತಾಮ್ರ', 'ಸತು' ಎಂಬ ಚೀಟಿಗಳು ಮಾತ್ರ ಪರದೆಯಲ್ಲಿ ಉಲ್ಟಾ.

"ಸುವರ್ಣಾ, ಬಾ ಇಲ್ಲಿ. ಇದು ಓದಾಕ ಬರ್ತೈತೇನು ನೋಡು."

ಹೆಂಡತಿ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ಅಕ್ಷರೆಲ್ಲಾ ಹಿಂದಕ್ಕ ಓಡಾಕತ್ತಾವಲ್ರಿ."

"ಮೊಬೈಲ್ ಕೆಟ್ಟೈತಿ."

"ಯಾಕ್ ಕೆಡ್ತೈತ್ರಿ? ನಿನ್ನೆ ನಮ್ಮ ತಂಗಿ ಜೋಡಿ ಎರಡ ತಾಸು ಮಾತಾಡೇನಿ."

"ಅದಕ್ಕ ಕೆಟ್ಟೈತಿ."

ಸುವರ್ಣಾ ರೊಟ್ಟಿ ಬಡಿಯಲು ಹೋದಳು. ಬಡಿತದ ಸಪ್ಪಳದಲ್ಲೇ ಉತ್ತರವಿತ್ತು.

ಮಾಸ್ತರರು ಯೋಚಿಸಿದರು. ಮೊಬೈಲು ಉಲ್ಟಾ ತೋರಿಸಿದರೆ ನಾವೇ ಉಲ್ಟಾ ಬರೆದರಾಯಿತು. ತೆಳ್ಳನೆಯ ಹಾಳೆಯಲ್ಲಿ ಬರೆದು, ಹಾಳೆ ತಿರುವಿ, ಹಿಂದೆ ಮೂಡಿದ ಗೀರುಗಳನ್ನು ಸ್ಕೆಚ್ ಪೆನ್ನಿನಿಂದ ತಿದ್ದಿ ಅಂಟಿಸಿದರು. ಪರದೆಯಲ್ಲಿ 'ತಾಮ್ರ' ನೆಟ್ಟಗಾಯಿತು. ಅವರ ಎದೆ ಉಬ್ಬಿತು.

ಆದರೆ ಬಲಗಡೆಯ ತಂತಿ ಪರದೆಯಲ್ಲಿ ಎಡಗಡೆ ಕಾಣುತ್ತಿತ್ತು. ಇರಲಿ ಎಂದು ದೀಪದ ಎರಡೂ ತಂತಿಗಳನ್ನು ಅದಲು ಬದಲು ಮಾಡಿದರು. ಹತ್ತಿದ್ದ ದೀಪ ಆರಿತು. ಹಣ್ಣು ಹಿಂಡಿದರು, ಬದಲಿಸಿದರು, ಮತ್ತೆ ಹಿಂಡಿದರು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಹಣ್ಣು ಕೆಟ್ಟು, ಕಟ್ಟೆಯ ತುಂಬ ರಸ ಹರಿದಿತ್ತು.

"ತಂತಿ ಮೊದಲ ಹೆಂಗಿತ್ತೋ ಹಂಗ ಹಚ್ರಿ," ಎಂದಳು ಸುವರ್ಣಾ.

"ನಿನಗೇನ್ ತಿಳಿತೈತಿ ವಿಜ್ಞಾನ?" ಎನ್ನುತ್ತಲೇ ಹಾಗೆ ಹಚ್ಚಿದರು. ದೀಪ ಹತ್ತಿತು. ಸುವರ್ಣಾ ಹಿಂಡಿದ ಹಣ್ಣುಗಳನ್ನು ಒಂದೊಂದಾಗಿ ಎಣಿಸಿ ಬುಟ್ಟಿಗೆ ಹಾಕಿದಳು. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಚಿತ್ರೀಕರಣ ಮುಗಿಯಿತು. "ಒಮ್ಮೆ ಹಾಕಿ ನೋಡೂದಿಲ್ಲೇನ್ರಿ?" ಎಂದಳು.

"ತೆಗೀವಾಗ ನೋಡೇನಲ್ಲ," ಎಂದು ಮಾಸ್ತರರು ಸಮ್ಮೇಳನದ ಪ್ರೊಜೆಕ್ಟರು ನೋಡಿಕೊಳ್ಳುವ ಖಲೀಲ ಸರ್‌ಗೆ ವಿಡಿಯೋ ಕಳಿಸಿಯೇಬಿಟ್ಟರು.

ಬಾಗೇವಾಡಿಯ ಸಭಾಂಗಣದಲ್ಲಿ ಎಂಬತ್ತು ಶಿಕ್ಷಕರು. ವಿಡಿಯೋ ಶುರುವಾದ ಕೂಡಲೇ ಎಂಬತ್ತು ತಲೆಗಳೂ ಒಂದು ಪಕ್ಕಕ್ಕೆ ವಾಲಿದವು. ಪರದೆಯ ಮೇಲೆ 'ತಾಮ್ರ' ಉಲ್ಟಾ.

"ನಮ್ಮ ಮನ್ಯಾಗ ನೆಟ್ಟಗ ಇತ್ರಿ," ಎಂದರು ಮಾಸ್ತರರು ಕಕ್ಕಾಬಿಕ್ಕಿಯಾಗಿ. "ಖಲೀಲ ಸರ್, ನಿಮ್ಮ ಪ್ರೊಜೆಕ್ಟರ್ ಉಲ್ಟಾ ಐತಿ."

ಖಲೀಲರು ಯಾವುದೋ ಗುಂಡಿ ಒತ್ತಿ ಇಡೀ ಚಿತ್ರವನ್ನೇ ತಿರುಗಿಸಿದರು. ಚೀಟಿ ನೆಟ್ಟಗಾಯಿತು. ಮಾಸ್ತರರು ಕರ್ಚೀಪಿನಿಂದ ಬೆವರು ಒರೆಸಿಕೊಂಡರು.

ಆಗ ತಾಳಿಕೋಟೆಯ ಮೆಹನಾಜ ಟೀಚರು ಎದ್ದು ನಿಂತರು. "ಸರ್, ಈಗ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಉಲ್ಟಾ ಆತ್ರಿ. ಮೊದಲ ಅದು ನೆಟ್ಟಗ ಇತ್ತು."

ಮಾಸ್ತರರು ಕ್ಯಾಲೆಂಡರು ನೋಡಿದರು, ಚೀಟಿ ನೋಡಿದರು, ಖಲೀಲರನ್ನು ನೋಡಿದರು. ಏನೂ ತಿಳಿಯಲಿಲ್ಲ.

"ಮುಂದಿನ ಕ್ಯಾಮರಾ ತೆಗೀವಾಗಷ್ಟೇ ಕನ್ನಡಿ ಹಂಗ ತೋರಸ್ತೈತ್ರಿ," ಎಂದು ಟೀಚರು ಮೆತ್ತಗೆ ಬಿಡಿಸಿ ಹೇಳಿದರು. "ಆಮ್ಯಾಲ ತಾನ ನೆಟ್ಟಗ ಮಾಡಿ ಇಟ್ಕೋತೈತಿ. ನೀವು ನೆಟ್ಟಗಿದ್ದದ್ದನ್ನ ಉಲ್ಟಾ ಬರದೀರಿ."

ಸಭೆ ನಗೆಯಲ್ಲಿ ಮುಳುಗಿತು. ಅಧ್ಯಕ್ಷರು ನಗು ತಡೆದುಕೊಂಡು ಮೈಕು ಎಳೆದುಕೊಂಡರು. "ಕನ್ನಡಿಯೊಳಗ ಎಡ ಬಲ ಅದಲಿ ಬದಲಿ ಆಗೂ ಪಾಠ, ನಿಮ್ಮ ಸಾಲ್ಯಾಗ ಯಾರು ತಗೋತಾರ್ರಿ?"

ಪರಪ್ಪ ಮಾಸ್ತರರು ಮೆಲ್ಲಗೆ ಕೈ ಎತ್ತಿದರು. ಯಾವ ಕೈ ಎಂಬುದು ಆ ಹೊತ್ತಿಗೆ ಅವರಿಗೇ ಖಾತ್ರಿಯಿರಲಿಲ್ಲ.